ವಾರಾಂತ್ಯದ ತಿಂಡಿಗೆ ಯಾವ ಪುಟ್ಟ ಕೆಫೆ? ಮೆನು ನೋಡುವ ಮೊದಲು ಒಲೆ ನೋಡಿ

ವಾರವಿಡೀ ನಿಂತಲ್ಲೇ ತಿಂಡಿ ಮುಗಿಸಿ ಓಡುವವರಿಗೆ ಶನಿವಾರವೋ ಭಾನುವಾರವೋ ಸಿಗುವ ಒಂದು ಬಿಡುವಿನ ಬೆಳಗು ಬಹಳ ದೊಡ್ಡದು. ಆ ಬೆಳಗನ್ನು ಮನೆಯ ಹತ್ತಿರದ ಪುಟ್ಟ ಕೆಫೆಯಲ್ಲಿ ಕಳೆಯೋಣ ಎಂದುಕೊಂಡು ಹೊರಟರೆ ಬೀದಿಯ ತಿರುವಿನಲ್ಲೇ ಗೊಂದಲ ಶುರುವಾಗುತ್ತದೆ. ಒಂದು ಕೆಫೆಯ ಮುಂದೆ ಹಾದರೆ ಬ್ರೆಡ್ಡು ಬೇಯುವ ಪರಿಮಳ, ಇನ್ನೊಂದರ ಒಳಗಿನಿಂದ ಕಾಫಿ ಬೀಜ ಪುಡಿಯಾಗುವ ಸದ್ದು, ಮತ್ತೊಂದರ ಬಾಗಿಲ ಬಳಿ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹತ್ತಾರು ತಿಂಡಿಗಳ ಹೆಸರು. ಎಲ್ಲವೂ ಚೆಂದ, ಎಲ್ಲವೂ ಕರೆಯುತ್ತವೆ, ಆದರೆ ಹೋಗಬಹುದಾದದ್ದು ಒಂದಕ್ಕೆ ಮಾತ್ರ.

ಈ ಗೊಂದಲವನ್ನು ನನ್ನ ಮುಂದಿಟ್ಟವರಲ್ಲಿ ಹೆಚ್ಚಿನವರು ಮೆನುವನ್ನೇ ಹಿಡಿದುಕೊಂಡು ಹೋಲಿಸುತ್ತಾರೆ: ಇಲ್ಲಿ ಇಷ್ಟು ಬಗೆ, ಅಲ್ಲಿ ಅಷ್ಟು ಬಗೆ, ಇಲ್ಲಿನ ದರ ಇಷ್ಟು, ಅಲ್ಲಿನದು ಅಷ್ಟು. ದೊಡ್ಡ ಹೋಟೆಲಿಗೆ ಈ ಲೆಕ್ಕ ನಡೆಯುತ್ತದೆ. ಎಂಟು ಹತ್ತು ಮೇಜುಗಳ ಕೆಫೆಗೆ ನಡೆಯುವುದಿಲ್ಲ. ಅಂಥ ಕಡೆ ಇರುವುದು ಒಂದು ಒಲೆ, ಒಂದು ಕಾಫಿ ಯಂತ್ರ, ಹೆಚ್ಚೆಂದರೆ ಮೂರು ಜನ. ನಿಮ್ಮ ಬೆಳಗು ಹೇಗೆ ಕಳೆಯುತ್ತದೆ ಎಂಬುದನ್ನು ಮೆನುವಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಆ ಒಲೆ, ಆ ಯಂತ್ರ ಮತ್ತು ಆ ಕೈಗಳು. ಆದ್ದರಿಂದ ಕೆಫೆ ಏನೇನು ಕೊಡುತ್ತದೆ ಎಂದು ಕೇಳುವುದಕ್ಕಿಂತ, ನಾವು ಹೋಗುವ ಹೊತ್ತಿಗೆ, ನಮ್ಮ ಜೊತೆಗೆ ಬರುವವರಿಗೆ, ಅದು ಯಾವುದನ್ನು ಚೆನ್ನಾಗಿ ಕೊಡಬಲ್ಲದು ಎಂದು ಕೇಳುವುದು ಸರಿಯಾದ ದಾರಿ ಎಂಬುದು ನನ್ನ ನಂಬಿಕೆ.

ಯಾವುದನ್ನು ಅಳೆಯಬೇಕು

ಎಲ್ಲಕ್ಕಿಂತ ಮೊದಲು ಕಾಯುವ ಹೊತ್ತು. ಆಮೇಲೆ, ಆ ಕೆಫೆಯ ಸ್ವಂತ ಕೈಕೆಲಸ ಯಾವುದು, ಹೊರಗಿನಿಂದ ತರಿಸಿದ್ದು ಯಾವುದು ಎಂಬುದು. ಮೂರನೆಯದು ಕೂರುವ ಅನುಕೂಲ ಮತ್ತು ಸದ್ದು. ನಾಲ್ಕನೆಯದು ಹೊಟ್ಟೆ ಎಷ್ಟು ಹೊತ್ತು ತಡೆಯುತ್ತದೆ ಎಂಬ ಪ್ರಶ್ನೆ. ಕೊನೆಗೆ ಖರ್ಚು. ಖರ್ಚನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣವಿದೆ: ಮೊದಲ ನಾಲ್ಕು ಗೊತ್ತಾಗದೆ ಯಾವುದು ದುಬಾರಿ, ಯಾವುದು ಅಗ್ಗ ಎಂದು ಹೇಳಲು ಬರುವುದಿಲ್ಲ.

ಕಾಯುವ ಹೊತ್ತನ್ನು ಬಾಗಿಲಲ್ಲೇ ನಿಂತು ಅಂದಾಜು ಮಾಡಬಹುದು. ಯಂತ್ರದಲ್ಲಿ ಬಿಸಿನೀರನ್ನು ಒತ್ತಿ ಇಳಿಸುವ ಗಟ್ಟಿ ಕಾಫಿ, ಅಂದರೆ ಒಂದು ಎಸ್ಪ್ರೆಸೊ, ಇಳಿಯಲು ಬೇಕಾದದ್ದು ಸುಮಾರು 25ರಿಂದ 30 ಸೆಕೆಂಡ್ ಮಾತ್ರ. 1901ರಲ್ಲಿ ಮಿಲಾನ್‌ನ ಲೂಯಿಜಿ ಬೆಝೆರಾ ಇಂಥ ಯಂತ್ರಕ್ಕೆ ಪೇಟೆಂಟ್ ಕೇಳಿದಾಗ ಅದರ ಹೆಗ್ಗಳಿಕೆಯೇ ಬೇಗ, ಒಬ್ಬೊಬ್ಬರಿಗೆ ಒಂದೊಂದು ಬಟ್ಟಲಂತೆ ಕಾಫಿ ಇಳಿಸುವುದಾಗಿತ್ತು. ಆದರೆ ಬೀಜ ಪುಡಿ ಮಾಡಿ, ತೂಗಿ, ಒತ್ತಿ, ಹಾಲಿಗೆ ಹಬೆ ಕೊಟ್ಟು, ಸುರಿದು, ಹಬೆಯ ಕೊಳವೆ ಒರೆಸಿ ಮುಗಿಸುವಷ್ಟರಲ್ಲಿ ಹಾಲು ಬೆರೆಸಿದ ಒಂದು ಕಾಫಿಗೆ ಒಂದೂವರೆಯಿಂದ ಎರಡು ನಿಮಿಷ ಹಿಡಿಯುತ್ತದೆ. ಯಂತ್ರದ ಮುಂದೆ ಒಬ್ಬರೇ ಇದ್ದು, ಚೀಟಿಗಳ ಸಾಲಿನಲ್ಲಿ ಹತ್ತು ಕಾಫಿ ಬಾಕಿ ಇದ್ದರೆ, ನಿಮ್ಮ ಬಟ್ಟಲು ಮೇಜಿಗೆ ಬರಲು ಕಾಲು ಗಂಟೆಗೂ ಹೆಚ್ಚು ಹಿಡಿಯಬಹುದು. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ. ಒಳ್ಳೆಯ ಕೆಲಸಕ್ಕೆ ಹಿಡಿಯುವ ಹೊತ್ತೇ ಅಷ್ಟು.

ಈ ಲೆಕ್ಕ ನನಗೆ ಮನದಟ್ಟಾದದ್ದು ಒಂದು ಕೆಟ್ಟ ಬೆಳಗಿನಲ್ಲಿ. ಹೆಸರು ಮಾಡಿದ್ದ ಒಂದು ಪುಟ್ಟ ಕೆಫೆಗೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅವರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮನೆಯಲ್ಲೇ ನುಂಗಿ ಹೊರಟಿದ್ದರು. ಇನ್ನೇನು ಹತ್ತು ನಿಮಿಷದಲ್ಲಿ ತಿಂಡಿ ಸಿಗುತ್ತದಲ್ಲ ಎಂಬ ಧೈರ್ಯ. ಐವತ್ತು ನಿಮಿಷವಾದರೂ ತಟ್ಟೆ ಬರಲಿಲ್ಲ. ನಾನು ಗೋಡೆಯ ಮೇಲಿನ ಚಿತ್ರಗಳನ್ನು ನೋಡುತ್ತ ಕೂತಿದ್ದಾಗ ಅಪ್ಪ ಮಾತು ನಿಲ್ಲಿಸಿದ್ದನ್ನು ಗಮನಿಸಿದೆ. ಹಣೆಯ ಮೇಲೆ ಬೆವರು, ಚಮಚ ಹಿಡಿದ ಬೆರಳುಗಳಲ್ಲಿ ನಡುಕ. ಮೇಜಿನ ಮೇಲಿದ್ದ ಸಕ್ಕರೆಯ ಪೊಟ್ಟಣಗಳನ್ನು ಹರಿದು ನೀರಿಗೆ ಕಲಸಿ ಕುಡಿಸಿದ ಮೇಲೆ ಅವರು ಚೇತರಿಸಿಕೊಂಡರು. ಕೆಫೆಯವರ ತಪ್ಪಿಗಿಂತ ನನ್ನ ತಪ್ಪೇ ದೊಡ್ಡದಿತ್ತು, ಏಕೆಂದರೆ ಒಳಗೆ ಕಾಲಿಡುವಾಗಲೇ ಎಲ್ಲ ಮೇಜುಗಳೂ ತುಂಬಿದ್ದವು ಮತ್ತು ಒಂದು ಮೇಜಿನ ಮೇಲೂ ತಟ್ಟೆ ಇರಲಿಲ್ಲ. ಜನ ತುಂಬಿದ್ದು ತಟ್ಟೆಗಳೂ ಇದ್ದರೆ ಅಡುಗೆಮನೆ ನಡೆಯುತ್ತಿದೆ ಎಂದರ್ಥ; ಜನರಿದ್ದು ತಟ್ಟೆಗಳಿಲ್ಲದಿದ್ದರೆ ಅವರೆಲ್ಲರೂ ನಿಮಗಿಂತ ಮುಂದಿನ ಸಾಲಿನಲ್ಲಿದ್ದಾರೆ ಎಂದರ್ಥ. ಈಗ ನಾನು ಮೊದಲು ನೋಡುವುದು ಅದನ್ನೇ.

ಸದ್ದಿನ ವಿಷಯವನ್ನು ಬಹಳ ಜನ ಹಗುರವಾಗಿ ನೋಡುತ್ತಾರೆ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬಲ್ ಇರುತ್ತದೆ. ಸುತ್ತಲಿನ ಸದ್ದು ಏರಿದಂತೆ ನಾವೂ ಅರಿವಿಲ್ಲದೆ ದನಿ ಏರಿಸುತ್ತೇವೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವನ ಹೆಸರೇ ನಿಂತಿದೆ. ಪುಟ್ಟ ಕೋಣೆ, ಬರಿಯ ಗೋಡೆ, ಗಾಜಿನ ಕಿಟಕಿ, ಕಲ್ಲಿನ ನೆಲ ಇದ್ದರೆ ಒಂದು ಮೇಜಿನವರು ದನಿ ಏರಿಸಿದ್ದಕ್ಕೆ ಪಕ್ಕದವರು, ಅವರಿಗಾಗಿ ಇನ್ನೊಬ್ಬರು, ಹೀಗೆ ಕಾಲು ಗಂಟೆಯಲ್ಲಿ ಇಡೀ ಕೋಣೆ ಕೂಗಾಡುತ್ತಿರುತ್ತದೆ. ಪರದೆ, ಮರದ ಕಪಾಟು, ಪುಸ್ತಕದ ಸಾಲು, ಬಟ್ಟೆ ಹೊದಿಸಿದ ಕುರ್ಚಿ ಇರುವ ಕೆಫೆಯಲ್ಲಿ ಅಷ್ಟೇ ಜನ ಇದ್ದರೂ ಮಾತು ಕೇಳಿಸುತ್ತದೆ. ಕಿವಿ ಮಂದವಾದ ಹಿರಿಯರಿಗೆ ಈ ವ್ಯತ್ಯಾಸ ಬಹಳ ದೊಡ್ಡದು; ಅವರು ನಗುತ್ತ ತಲೆಯಾಡಿಸುತ್ತಿದ್ದರೆ ಮಾತು ಕೇಳಿಸಿದೆ ಎಂದುಕೊಳ್ಳಬೇಡಿ.

ಬ್ರೆಡ್ಡು ಬೇಯಿಸುವ ಕೆಫೆ

ಕಾಯುವ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಇಲ್ಲಿ ಕಷ್ಟದ ಕೆಲಸವೆಲ್ಲ ನಾವು ಏಳುವ ಮೊದಲೇ ಮುಗಿದಿರುತ್ತದೆ. ನಮ್ಮ ಪಾಲಿಗೆ ಉಳಿದಿರುವುದು ಗಾಜಿನ ಪೆಟ್ಟಿಗೆಯಿಂದ ತಟ್ಟೆಗೆ ಬರುವ ಹೊತ್ತು ಮಾತ್ರ. ಕ್ರಾಸಾಂಟ್ ಎಂಬ ಪದರ ಪದರದ ಬೆಣ್ಣೆ ತಿಂಡಿಯೊಂದನ್ನೇ ನೋಡಿ. ಹಿಟ್ಟಿನ ನಡುವೆ ಬೆಣ್ಣೆಯ ಹಾಳೆ ಇಟ್ಟು, ಲಟ್ಟಿಸಿ ಮೂರು ಮಡಿಕೆ ಮಾಡಿ, ತಣ್ಣಗೆ ಇಟ್ಟು, ಮತ್ತೆ ಲಟ್ಟಿಸಿ ಮಡಿಸಿ, ಹೀಗೆ ಮೂರು ಸಲ ಮಾಡಿದರೆ ಬೆಣ್ಣೆ 27 ಪದರವಾಗುತ್ತದೆ. ಹಿಂದಿನ ದಿನವೇ ಶುರುವಾಗಬೇಕಾದ ಕೆಲಸ ಅದು. ಒಲೆಯೊಳಗೆ ಬೆಣ್ಣೆಯಲ್ಲಿರುವ ನೀರಿನಂಶ ಹಬೆಯಾಗಿ ಪದರಗಳನ್ನು ಎತ್ತುತ್ತದೆ. ಚೆನ್ನಾಗಿ ಆದದ್ದನ್ನು ಅಡ್ಡ ಕತ್ತರಿಸಿದರೆ ಒಳಗೆ ಜೇನುಗೂಡಿನಂಥ ತೆರಪುಗಳು ಕಾಣುತ್ತವೆ, ಹೊರಗಿನ ಸಿಪ್ಪೆ ತಟ್ಟೆಯ ತುಂಬ ಉದುರುತ್ತದೆ; ಬೆಣ್ಣೆ ಕರಗಿ ಹಿಟ್ಟಿಗೆ ಇಂಗಿಹೋಗಿದ್ದರೆ ಒಳಗೆ ಬನ್ನಿನಂತೆ ಒತ್ತಾಗಿರುತ್ತದೆ.

ಆದರೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟದ್ದೆಲ್ಲ ಅಲ್ಲೇ ಬೆಂದದ್ದಲ್ಲ. ಹಿಟ್ಟನ್ನು ಹೊರಗಿನಿಂದ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ತರಿಸಿ ಬೇಯಿಸುವುದೂ ಉಂಟು, ಬೆಂದದ್ದನ್ನೇ ತರಿಸುವುದೂ ಉಂಟು. ಅದು ಮೋಸವೇನಲ್ಲ, ಆದರೆ ಕೈಕೆಲಸದ ಬೆಲೆ ತೆರುವಾಗ ಕೈಕೆಲಸ ಸಿಗುತ್ತಿದೆಯೇ ಎಂದು ತಿಳಿಯುವ ಹಕ್ಕು ನಮಗಿದೆ. "ಇದು ಇವತ್ತು ಇಲ್ಲೇ ಮಾಡಿದ್ದಾ?" ಎಂದು ನೇರವಾಗಿ ಕೇಳಿ. ತಾವೇ ಮಾಡುವವರಿಗೆ ಆ ಪ್ರಶ್ನೆ ಕೇಳಿಸಿಕೊಳ್ಳುವುದೇ ಸಂತೋಷ; ಯಾವುದು ಎಷ್ಟು ಹೊತ್ತಿಗೆ ಒಲೆಯಿಂದ ಹೊರಬಂತು ಎಂಬುದನ್ನೂ ಹೇಳುತ್ತಾರೆ.

ಈ ಬಗೆಯ ಕೆಫೆಯ ಕೊರತೆ ಎರಡು. ಮಾಡಿದ್ದು ಇಷ್ಟೇ ಎಂದಿರುವುದರಿಂದ ತಡವಾಗಿ ಹೋದವರಿಗೆ ಒಳ್ಳೆಯದು ಉಳಿದಿರುವುದಿಲ್ಲ. ಮತ್ತೆ, ಬೆಣ್ಣೆ, ಮೈದಾ, ಸಕ್ಕರೆಯ ತಿಂಡಿ ನಾಲಿಗೆಗೆ ಹಿತವಾದರೂ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಎರಡು ಗಂಟೆ ಕಳೆಯುವಷ್ಟರಲ್ಲಿ ಹಸಿವು ಮತ್ತೆ ಚುರುಗುಟ್ಟುತ್ತದೆ. ಹುಳಿ ಬರಿಸಿದ ಹಿಟ್ಟಿನ ಗಟ್ಟಿ ಬ್ರೆಡ್ಡಿನ ಜೊತೆ ಮೊಟ್ಟೆಯೋ ಚೀಸೋ ಇದ್ದರೆ ಈ ಕೊರತೆ ನೀಗುತ್ತದೆ. ಗೋಧಿಯ ಗ್ಲೂಟನ್ ಒಗ್ಗದ ಸೀಲಿಯಾಕ್ ಕಾಯಿಲೆಯವರು ಮಾತ್ರ ಇಂಥ ಕಡೆ ದೂರ ಉಳಿಯುವುದೇ ಲೇಸು, ಏಕೆಂದರೆ ಗ್ಲೂಟನ್ ಇಲ್ಲದ ತಿಂಡಿ ಇಟ್ಟಿದ್ದರೂ ಅದೇ ಹಲಗೆ, ಅದೇ ಚಾಕು, ಗಾಳಿಯಲ್ಲೆಲ್ಲ ಅದೇ ಹಿಟ್ಟು.

ಕಾಫಿಯನ್ನೇ ನೆಚ್ಚಿಕೊಂಡ ಕೆಫೆ

ಇಲ್ಲಿ ತಿಂಡಿ ನೆಪ, ಬಟ್ಟಲು ಮುಖ್ಯ. ಒಂದೆರಡು ಬಗೆಯ ಟೋಸ್ಟ್, ಒಂದು ಕೇಕು, ಅಷ್ಟೇ ಇರಬಹುದು. ಕಾಫಿಯ ರುಚಿಯಲ್ಲಿ ಆಸಕ್ತಿಯಿದ್ದವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಹಸಿದು ಬಂದವರಿಗೆ ಇದಕ್ಕಿಂತ ನಿರಾಸೆಯ ಜಾಗವಿಲ್ಲ.

ಒಳ್ಳೆಯ ಕೈಯನ್ನು ಗುರುತಿಸಲು ಕಾಫಿಯ ಪಂಡಿತರಾಗಬೇಕಾಗಿಲ್ಲ, ಹಾಲಿಗೆ ಹಬೆ ಕೊಡುವುದನ್ನು ಕೇಳಿಸಿಕೊಂಡರೆ ಸಾಕು. ಮೊದಲ ಕೆಲವು ಸೆಕೆಂಡ್ ಕಾಗದ ಹರಿದಂಥ ಸಣ್ಣ ಸದ್ದು ಬರುತ್ತದೆ; ಆಗ ಹಾಲಿಗೆ ಗಾಳಿ ಸೇರುತ್ತಿರುತ್ತದೆ. ಆಮೇಲೆ ಕೊಳವೆಯ ತುದಿ ಮುಳುಗಿ, ಸದ್ದು ಅಡಗಿ, ಹಾಲು ಸುಳಿಯಾಗಿ ತಿರುಗುತ್ತದೆ. ಉದ್ದಕ್ಕೂ ಚೀರುವ ಸದ್ದು ಬಂದರೆ ನೊರೆ ದೊಡ್ಡ ದೊಡ್ಡ ಗುಳ್ಳೆಯಾಗಿ ಬಟ್ಟಲಿನ ಮೇಲೆ ಬೇರೆಯೇ ನಿಲ್ಲುತ್ತದೆ. ಹಾಲು 60ರಿಂದ 65 ಡಿಗ್ರಿಯಲ್ಲಿ ಸಿಹಿಯಾಗಿರುತ್ತದೆ, 70 ದಾಟಿದರೆ ಕುದಿದ ಹಾಲಿನ ವಾಸನೆ ಮುಂದೆ ಬರುತ್ತದೆ. ಸುಡುಸುಡು ಕಾಫಿಯೇ ಬೇಕು ಎನ್ನುವವರು ಇಂಥ ಕೆಫೆಗಳಲ್ಲಿ "ಇದು ಆರಿದೆ" ಎಂದು ಬೇಸರಪಡುವುದುಂಟು. ಅವರು ಆರ್ಡರ್ ಕೊಡುವಾಗಲೇ ಬಿಸಿ ಹೆಚ್ಚಿರಲಿ ಎಂದು ಹೇಳಿಬಿಡುವುದು ಒಳ್ಳೆಯದು; ಬಂದ ಬಟ್ಟಲನ್ನು ಮತ್ತೆ ಕಾಯಿಸಲು ಕಳಿಸಿದರೆ ಆ ನೊರೆ ಮತ್ತೆ ಹದಕ್ಕೆ ಬರುವುದಿಲ್ಲ.

ಸೋಸುವ ಕಾಗದದ ಮೇಲೆ ಕೈಯಿಂದ ನೀರು ಸುರಿದು ಇಳಿಸುವ ಕಾಫಿಗೆ ಮೂರರಿಂದ ನಾಲ್ಕು ನಿಮಿಷ ಬೇಕು, ಆ ಹೊತ್ತಿನ ಬಹುಪಾಲು ಒಬ್ಬರ ಕೈ ಅದಕ್ಕೇ ಕಟ್ಟುಬಿದ್ದಿರುತ್ತದೆ. ಜನಜಂಗುಳಿಯ ನಡುವೆ ಅದನ್ನು ಕೇಳಿದರೆ ನಿಮಗೂ ತಡ, ನಿಮ್ಮ ಹಿಂದಿನವರಿಗೂ ತಡ. ಖಾಲಿ ಇರುವ ಹೊತ್ತಿಗೆ ಹೋದರೆ ಅದನ್ನು ಮಾಡುವವರೇ ಬೀಜದ ಬಗ್ಗೆ ನಾಲ್ಕು ಮಾತು ಹೇಳಿ ಕೊಡುತ್ತಾರೆ. ಅದೇ ಬೆಲೆಗೆ ಇದು ಎಷ್ಟೋ ಪಾಲು ಹೆಚ್ಚಿನ ಅನುಭವ.

ಎರಡನೇ ಬಟ್ಟಲು ಹೇಳುವ ಮೊದಲು ಒಂದು ಲೆಕ್ಕ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಕೆಫೀನಿನವರೆಗೆ ತೊಂದರೆಯಿಲ್ಲ ಎಂದು ಹೇಳಿದೆ. ಸೋಸಿದ ಕಾಫಿಯ 200 ಮಿಲಿಲೀಟರಿನಲ್ಲಿ ಸುಮಾರು 90 ಮಿಲಿಗ್ರಾಂ, 60 ಮಿಲಿಲೀಟರ್ ಎಸ್ಪ್ರೆಸೊದಲ್ಲಿ ಸುಮಾರು 80 ಮಿಲಿಗ್ರಾಂ ಇರುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ನುಂಗಿದ ಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ ಮುಟ್ಟಬಾರದು, ಏಕೆಂದರೆ ಕಾಫಿ ಆ ಮಾತ್ರೆ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ. ಕೆಫೆಗೆ ನಡೆದು ಹೋಗುವ ಹೊತ್ತನ್ನೂ ಸೇರಿಸಿ ಮಾತ್ರೆಯ ವೇಳೆ ಗೊತ್ತುಮಾಡಿಕೊಂಡರೆ ಅವರೂ ನಿಶ್ಚಿಂತೆಯಿಂದ ಕೂರಬಹುದು.

ಒಲೆಯ ಮೇಲೆ ಆಗಿಂದಾಗ್ಗೆ ಮಾಡಿಕೊಡುವ ಕೆಫೆ

ಹೊಟ್ಟೆ ತುಂಬುವುದು ಇಲ್ಲಿ. ಮೊಟ್ಟೆ, ಹುರಿದ ತರಕಾರಿ, ಬಿಸಿ ಬ್ರೆಡ್ಡು, ಪ್ಯಾನ್‌ಕೇಕು ಎಲ್ಲವೂ ಹೇಳಿದ ಮೇಲೆ ಒಲೆಗೆ ಏರುತ್ತವೆ. ಬಿಸಿಬಿಸಿ ತಟ್ಟೆಯ ಸುಖಕ್ಕೆ ಕಾಯುವುದೇ ಬೆಲೆ, ಮತ್ತು ಆ ಬೆಲೆ ಎಲ್ಲರಿಗೂ ಒಂದೇ ಅಲ್ಲ: ಗೆಳೆಯರ ಜೊತೆ ಹರಟುವವರಿಗೆ ಅರ್ಧ ಗಂಟೆ ಏನೂ ಅಲ್ಲ, ಮೂರು ವರ್ಷದ ಮಗುವಿನ ಜೊತೆ ಕೂತವರಿಗೆ ಅದು ಒಂದು ಯುಗ.

ಇಲ್ಲಿ ಯಾವ ತಿಂಡಿ ಹೇಳುತ್ತೀರಿ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಚಿಪ್ಪು ಒಡೆದು ನೀರಿನಲ್ಲಿ ಬೇಯಿಸುವ ಮೊಟ್ಟೆಗೆ, ಅಂದರೆ ಪೋಚ್ ಮಾಡಿದ್ದಕ್ಕೆ, ಕುದಿಯದೆ ಮೆಲ್ಲಗೆ ಮಿಸುಕುವ ನೀರು ಬೇಕು. ಬಿಳಿ ಭಾಗ 60 ಡಿಗ್ರಿ ದಾಟಿದ ಕೂಡಲೇ ಕಟ್ಟತೊಡಗುತ್ತದೆ, ಹಳದಿ ದಪ್ಪವಾಗುವುದು 65ರಿಂದ 70ರ ನಡುವೆ. ಬಿಳಿ ಗಟ್ಟಿಯಾಗಿ ಹಳದಿ ಹರಿಯುವಂತಿರಬೇಕೆಂದರೆ ಮೂರು ನಾಲ್ಕು ನಿಮಿಷದ ಕಾವಲು ತಪ್ಪದು. ಪುಟ್ಟ ಅಡುಗೆಮನೆಯ ಪಾತ್ರೆಯಲ್ಲಿ ಒಂದು ಸಲಕ್ಕೆ ನಾಲ್ಕು ಮೊಟ್ಟೆ ಹಿಡಿಸಿದರೆ ಅದು ಎರಡು ತಟ್ಟೆಗೆ ಆಯಿತು. ನಿಮಗಿಂತ ಮುಂದೆ ಆರು ತಟ್ಟೆ ಇದ್ದರೆ ಮೊಟ್ಟೆಯೊಂದಕ್ಕೇ ಹತ್ತು ಹನ್ನೆರಡು ನಿಮಿಷ ಹೋಯಿತು. ಕದಡಿ ಮಾಡುವ ಮೊಟ್ಟೆ ಒಂದೆರಡು ನಿಮಿಷದಲ್ಲಿ ಆಗುತ್ತದೆ, ಆಮ್ಲೆಟ್ ಕೂಡ ಹಾಗೆಯೇ. ಮೊದಲೇ ಬೆಂದಿಟ್ಟ ಗಂಜಿಯಂಥ ಓಟ್ಸ್, ಹಿಂದಿನ ರಾತ್ರಿ ನೆನೆಸಿಟ್ಟ ಧಾನ್ಯ, ಹಣ್ಣು ಮೊಸರು ಇವಕ್ಕೆ ಒಲೆಯೇ ಬೇಡ. ನಾಲ್ವರು ಹೋದಾಗ ನಾಲ್ಕೂ ಬೇರೆ ಬೇರೆ ಬಗೆ ಹೇಳಿದರೆ ಒಂದೇ ಒಲೆಯ ಅಡುಗೆಯವರಿಗೆ ನಾಲ್ಕು ಕೆಲಸ. ಎರಡು ಬಗೆಗೆ ಇಳಿಸಿಕೊಂಡರೆ ಎಲ್ಲರ ತಟ್ಟೆಯೂ ಒಟ್ಟಿಗೆ ಬರುವ ಸಾಧ್ಯತೆ ಹೆಚ್ಚು.

ಮೆನು ಉದ್ದವಿರುವ ಪುಟ್ಟ ಕೆಫೆಯನ್ನು ಕಂಡರೆ ನನಗೆ ಅನುಮಾನ. ಇಬ್ಬರು ಕೆಲಸ ಮಾಡುವ ಅಡುಗೆಮನೆಯಲ್ಲಿ ನಲವತ್ತು ಬಗೆ ತಾಜಾ ಇರಲಾರವು. ಕೆಲವಾದರೂ ಮಾಡಿಟ್ಟು ಬಿಸಿ ಮಾಡಿದವು ಆಗಿರುತ್ತವೆ. ಎಂಟು ಹತ್ತು ಬಗೆ ಬರೆದು, ಅದರಲ್ಲೂ ಎರಡನ್ನು "ಇವತ್ತು ಇಲ್ಲ" ಎಂದು ಅಳಿಸಿದ ಹಲಗೆ ನನಗೆ ಹೆಚ್ಚು ಧೈರ್ಯ ಕೊಡುತ್ತದೆ.

ಹೂಗಿಡಗಳ ಅಂಗಳವೋ ಪುಸ್ತಕಗಳ ಕಪಾಟೋ ಮುಖ್ಯವಾದ ನಾಲ್ಕನೇ ಬಗೆಯೂ ಇದೆ. ಅಲ್ಲಿ ತಿಂಡಿ, ಕಾಫಿ ಎರಡೂ ಸಾಧಾರಣವಾಗಿರಬಹುದು, ಕೂರುವ ಸುಖ ಮಾತ್ರ ದೊಡ್ಡದು. ಮನೆಯಲ್ಲೇ ಒಂದಿಷ್ಟು ತಿಂದು ಹೋಗಿ, ಒಂದು ಬಟ್ಟಲು ಹಿಡಿದು ಕೂರುವವರಿಗೆ ಅದು ಹೇಳಿ ಮಾಡಿಸಿದಂತಿದೆ. ಮಳೆ ಬಂದರೆ ಒಳಗೆ ಎಷ್ಟು ಕುರ್ಚಿ ಇವೆ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಹೊತ್ತು ಬದಲಾದರೆ ಕೆಫೆಯೂ ಬದಲಾಗುತ್ತದೆ

ಇದೇ ಕೆಫೆಗಳು ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಒಂದು ಥರ, ಹತ್ತು ಗಂಟೆಯ ಹೊತ್ತಿಗೆ ಇನ್ನೊಂದು ಥರ. ಬೇಗ ಹೋದವರಿಗೆ ಮೇಜು ಆಯ್ದುಕೊಳ್ಳುವ ಭಾಗ್ಯವಿದೆ, ಬಿಸಿ ಬ್ರೆಡ್ಡಿದೆ, ಮಾತಾಡಿಸುವಷ್ಟು ಬಿಡುವಿರುವ ಕೆಲಸದವರಿದ್ದಾರೆ. ಆದರೆ ರಜೆಯ ದಿನ ಬೇಗ ಏಳಬೇಕು. ತಡವಾಗಿ ಏಳುವುದೇ ರಜೆಯ ಸುಖ ಎನ್ನುವವರ ಪಕ್ಷವೂ ಹಳೆಯದೇ: 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಬರಹಗಾರ, ಭಾನುವಾರದ ಭಾರಿ ಊಟದ ಬದಲು ತಿಂಡಿ ಊಟ ಎರಡನ್ನೂ ಕೂಡಿಸಿ ತಡವಾಗಿ ಉಣ್ಣೋಣ ಎಂದು ವಾದಿಸಿ ಅದಕ್ಕೆ ಬ್ರಂಚ್ ಎಂಬ ಹೆಸರನ್ನು ಅಚ್ಚಿಗೆ ತಂದ. ಹಾಗೆ ತಡವಾಗಿ ಹೋಗುವವರು ಜನಸಂದಣಿ ಇಳಿಯುವ ಹೊತ್ತನ್ನು ನೋಡಿಕೊಂಡು, ಒಲೆಯ ಅಡುಗೆಯ ಕೆಫೆಯನ್ನೇ ಆರಿಸಿಕೊಳ್ಳುವುದು ಸರಿ. ಬ್ರೆಡ್ಡಿನ ಕೆಫೆಯಲ್ಲಿ ಅಷ್ಟರಲ್ಲಿ ತಟ್ಟೆ ಬರಿದಾಗಿರುತ್ತದೆ. ನಡುವಿನ ನೂಕುನುಗ್ಗಲಿನ ಹೊತ್ತಿಗೆ ಹೋಗಲೇಬೇಕಾದರೆ ಮೇಜು ಕಾದಿರಿಸುವ ಅವಕಾಶವಿದೆಯೇ ಎಂದು ಕೇಳಿ. ಮೇಜು ಕಾದಿರಿಸಿದ ಮಾತ್ರಕ್ಕೆ ಒಲೆ ಕಾದಿರಿಸಿದಂತಾಗುವುದಿಲ್ಲ ಎಂಬುದೂ ನೆನಪಿರಲಿ.

ಯಾರಿಗೆ ಯಾವುದು

ಮಕ್ಕಳ ಜೊತೆ ಹೋಗುವವರಿಗೆ ಬ್ರೆಡ್ಡಿನ ಕೆಫೆ, ಅದೂ ಬೇಗ. ಕಣ್ಣಿಗೆ ಕಾಣುವುದನ್ನು ಬೆರಳು ತೋರಿಸಿ ಆರಿಸಿದ ಮಗುವಿಗೆ ಅದು ಕೂಡಲೇ ಕೈಗೆ ಸಿಗುತ್ತದೆ. ಹಿರಿಯರ ಜೊತೆ ಹೋಗುವವರು ರುಚಿಗಿಂತ ಮೊದಲು ಬೆನ್ನಿಗೆ ಆನುವಿರುವ ಕುರ್ಚಿ, ಮೆಟ್ಟಿಲಿಲ್ಲದ ಬಾಗಿಲು, ಹತ್ತಿರದ ಶೌಚಾಲಯ ನೋಡಬೇಕು. ಕಾಫಿಯ ಕೆಫೆಗಳಲ್ಲಿ ಎತ್ತರದ ಸ್ಟೂಲುಗಳೇ ಹೆಚ್ಚಿರುವುದರಿಂದ ಅವು ಇಲ್ಲಿ ಹಿಂದೆ ಬೀಳುತ್ತವೆ. ಒಬ್ಬರೇ ಹೋಗುವವರಿಗೆ ಆ ಸ್ಟೂಲುಗಳೇ ವರ. ಇಬ್ಬರು ಕೂರುವ ಮೇಜನ್ನು ಒಬ್ಬರೇ ಹಿಡಿಯುವ ಮುಜುಗರವಿಲ್ಲದೆ ಯಂತ್ರದ ಎದುರೇ ಕೂತು ಕೆಲಸ ನೋಡಬಹುದು. ಆರಕ್ಕಿಂತ ಹೆಚ್ಚು ಜನರಿದ್ದರೆ ಪುಟ್ಟ ಕೆಫೆಯ ಆಸೆ ಬಿಡುವುದೇ ಉತ್ತಮ, ಇಲ್ಲವೇ ಎರಡು ಮೇಜಿನಲ್ಲಿ ಕೂರಲು ಸಿದ್ಧರಾಗಿ ಮುಂಚೆಯೇ ತಿಳಿಸಿ ಹೋಗಬೇಕು.

ಖರ್ಚು ಹಿಡಿದು ಮಾಡಬೇಕೆನ್ನುವವರು ತಟ್ಟೆಯ ದರವನ್ನಷ್ಟೇ ನೋಡಿದರೆ ಲೆಕ್ಕ ತಪ್ಪುತ್ತದೆ. ಬ್ರೆಡ್ಡಿನ ಕೆಫೆಯಲ್ಲಿ ಒಂದೊಂದೇ ಸಣ್ಣ ತಿಂಡಿ ಅಗ್ಗವೆನಿಸಿ ಮೂರು ತೆಗೆದುಕೊಂಡರೆ, ಒಲೆಯ ಕೆಫೆಯ ಒಂದು ತುಂಬು ತಟ್ಟೆಯನ್ನು ಅದು ದಾಟಿಹೋಗುತ್ತದೆ. ಆ ತುಂಬು ತಟ್ಟೆ ಮಧ್ಯಾಹ್ನದ ಊಟವನ್ನೂ ಉಳಿಸುತ್ತದೆ. ನಿಜವಾಗಿಯೂ ಕೈ ಬಿಗಿಯಿದ್ದಾಗ ನಾನು ಮಾಡುವುದು ಬೇರೆ: ಮನೆಯಲ್ಲಿ ತಿಂಡಿ ತಿಂದು, ಕಾಫಿಯ ಕೆಫೆಯಲ್ಲಿ ಒಂದೇ ಒಂದು ಒಳ್ಳೆಯ ಬಟ್ಟಲು ಕುಡಿಯುವುದು. ಆದರೆ ಆಗ ಜನ ಕಾಯುತ್ತಿದ್ದರೆ ಬಟ್ಟಲು ಬರಿದಾದ ಮೇಲೆ ಎದ್ದು ಬಿಡುತ್ತೇನೆ. ಎಂಟೇ ಮೇಜುಗಳ ಕೆಫೆಗೆ ಒಂದು ಮೇಜು ಎರಡು ಗಂಟೆ ಕಟ್ಟಿಬಿದ್ದರೆ ಅದರ ಆ ಬೆಳಗಿನ ಸಂಪಾದನೆಯಲ್ಲಿ ದೊಡ್ಡ ತೂತು ಬೀಳುತ್ತದೆ, ಮತ್ತು ಆ ಕೆಫೆ ಮುಂದಿನ ವರ್ಷವೂ ಅಲ್ಲೇ ಇರಬೇಕು ಎಂಬ ಆಸೆ ನನಗಿದೆ.

ಅಪ್ಪನ ಜೊತೆ ನಾನು ಈಗಲೂ ಹೋಗುತ್ತೇನೆ. ಬಾಗಿಲು ತೆಗೆಯುವ ಹೊತ್ತಿಗೆ, ಬ್ರೆಡ್ಡಿನ ಕೆಫೆಗೆ, ಕಿಟಕಿಯ ಪಕ್ಕದ ಮರದ ಬೆಂಚಿಗೆ. ಮಾತ್ರೆ ಜೇಬಿನಲ್ಲೇ ಇರುತ್ತದೆ; ತಟ್ಟೆ ಮೇಜಿನ ಮೇಲೆ ಬಂದ ಮೇಲೆಯೇ ಅವರು ಅದನ್ನು ಹೊರತೆಗೆಯುತ್ತಾರೆ.